ಬಾಟಲಿಯಲ್ಲಿರುವುದು ಸಿರ್ಕಾ ತಾನೇ?

ಐವತ್ತು ದಾಟಿದ ಹಿರಿಯರೊಬ್ಬರು ಎದೆಯುರಿ ಎಂದು ನನ್ನ ಕ್ಲಿನಿಕ್‌ಗೆ ಬಂದಿದ್ದರು. "ಹಕೀಮ್ ಸಾಹೇಬರೇ, ಖಾರ ಬಿಟ್ಟಿದ್ದೇನೆ, ಚಹಾ ಕಡಿಮೆ ಮಾಡಿದ್ದೇನೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಚಮಚ ಸಿರ್ಕಾ ಕುಡಿಯುತ್ತೇನೆ. ಸುನ್ನತ್ ಅಲ್ಲವೇ?" ಎಂದರು. ಬಾಟಲಿ ತರಲು ಹೇಳಿದೆ. ಮರುದಿನ ತಂದರು. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ, ಅದು ಅಸಿಟಿಕ್ ಆಮ್ಲದಿಂದ ತಯಾರಿಸಿದ ಸಿಂಥೆಟಿಕ್ ವಿನೆಗರ್. ಗೋಬಿ ಮಂಚೂರಿಗೆ ಹಾಕುವಂಥದ್ದು.

ಅದು ವಿಷವಲ್ಲ. ಕಾನೂನು ಒಪ್ಪಿದ ಪದಾರ್ಥವೇ. ಆದರೆ ಅದರಲ್ಲಿ ಹಣ್ಣಿನ ಒಂದು ಹನಿಯೂ ಇಲ್ಲ. ಕಾರ್ಖಾನೆಯ ಆಮ್ಲಕ್ಕೆ ನೀರು ಬೆರೆಸಿದರೆ ಕೆಲಸ ಮುಗಿಯಿತು. ನಮ್ಮ ಯುನಾನಿ ಗ್ರಂಥಗಳು ಹೇಳುವ ಸಿರ್ಕಾ ಇದಲ್ಲ.

ನಿಜವಾದ ಸಿರ್ಕಾ ಹೇಗೆ ಆಗುತ್ತದೆ? ದ್ರಾಕ್ಷಿ, ನೇರಳೆ ಅಥವಾ ಕಬ್ಬಿನ ರಸದಲ್ಲಿ ಸಿಹಿ ಇರುತ್ತದೆ. ಮೊದಲು ಯೀಸ್ಟ್ ಎಂಬ ಸೂಕ್ಷ್ಮಜೀವಿ ಆ ಸಿಹಿಯನ್ನು ಮದ್ಯಸಾರವಾಗಿ ಮಾಡುತ್ತದೆ. ಬಳಿಕ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಗಾಳಿಯ ನೆರವಿನಿಂದ ಆ ಮದ್ಯಸಾರವನ್ನು ಹುಳಿಯಾಗಿ ಬದಲಿಸುತ್ತದೆ. ಬಾಯಿಗೆ ಬಟ್ಟೆ ಕಟ್ಟಿದ ಜಾಡಿಯಲ್ಲಿ ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಟ್ಯಾಂಕಿಗೆ ಗಾಳಿ ಊದಿ ಈ ಎರಡನೆಯ ಹಂತವನ್ನು ಒಂದೆರಡು ದಿನಗಳಲ್ಲಿ ಮುಗಿಸುತ್ತಾರೆ. ಅದೂ ಹುದುಗಿಸಿದ ವಿನೆಗರೇ, ಸಿಂಥೆಟಿಕ್ ಅಲ್ಲ.

ಹಾಗಾದರೆ ನಿಧಾನಕ್ಕೆ ಏನು ಬೆಲೆ? ಮನೆಯ ಜಾಡಿಯಲ್ಲಿ ಮಾಡುವಾಗ ಸಮಯ ಎಂಬುದು ರುಚಿಯ ಪ್ರಶ್ನೆ ಮಾತ್ರವಲ್ಲ, ಹಲಾಲ್-ಹರಾಮಿನ ಪ್ರಶ್ನೆ. ಅವಸರಪಟ್ಟು ಅರ್ಧಕ್ಕೇ ಬಾಟಲಿಗೆ ತುಂಬಿದರೆ ಒಳಗೆ ಮದ್ಯಸಾರ ಉಳಿದಿರುತ್ತದೆ. ಪೂರ್ತಿ ಕಾದರೆ ಅದೇ ರಸ ಸಿರ್ಕಾ ಆಗುತ್ತದೆ. ಮದ್ಯ ತನ್ನಷ್ಟಕ್ಕೆ ಸಿರ್ಕಾ ಆಗಿ ಬದಲಾದರೆ ಅದು ಹಲಾಲ್ ಎಂದು ವಿದ್ವಾಂಸರು ಹೇಳಿದ್ದಾರೆ. ಮದ್ಯವನ್ನು ಉದ್ದೇಶಪೂರ್ವಕವಾಗಿ ಸಿರ್ಕಾ ಮಾಡುವ ಕುರಿತು ಮದ್‌ಹಬ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ನಿಮ್ಮ ಉಲಮಾಗಳಲ್ಲಿ ಕೇಳಿ. ವೈದ್ಯನಾಗಿ ನಾನು ಹೇಳುವುದು ಇಷ್ಟೇ: ಕಾಯುವ ತಾಳ್ಮೆ ಇಲ್ಲದವರು ಈ ವ್ಯಾಪಾರಕ್ಕೆ ಇಳಿಯಬಾರದು.

ಇನ್ನು ಎರಡನೆಯ ವಿಷಯ, ಪಾರದರ್ಶಕತೆ. ಪ್ರವಾದಿ ಮುಹಮ್ಮದ್(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿದ ಘಟನೆ ನಿಮಗೆ ಗೊತ್ತಿರುವುದೇ. ಮಳೆಗೆ ನೆನೆದದ್ದು ಎಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ಗಮನಿಸಿ, ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ಒದ್ದೆಯನ್ನು ಅಡಗಿಸಿದ್ದು ತಪ್ಪು. ಇಂದು ಬಾಟಲಿಯ ಮುಂದೆ ದೊಡ್ಡ ಅಕ್ಷರದಲ್ಲಿ 'ತಿಬ್ಬೆ ನಬವಿ' ಎಂದು ಬರೆದು, ಒಳಗೆ ಏನಿದೆ ಎಂಬುದನ್ನು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬರೆಯುವುದು ಅದೇ ಒದ್ದೆ ಧಾನ್ಯವಲ್ಲದೆ ಮತ್ತೇನು?

ಆದ್ದರಿಂದ, 'ಮನೆಯಲ್ಲಿ ಮಾಡಿದ್ದು' ಎಂಬ ಮಾತೊಂದನ್ನೇ ನಾನು ನಂಬುವುದಿಲ್ಲ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಸಿರ್ಕಾ ಇಟ್ಟರೆ ಹುಳಿ ಲೋಹವನ್ನು ಕರಗಿಸುತ್ತದೆ. ಅದು ಯಾರ ಮನೆಯದ್ದಾದರೂ ಅಪಾಯವೇ. ಸಣ್ಣ ತಯಾರಕರ ನಿಜವಾದ ಹಿರಿಮೆ ಬೇರೆ: ಅವರನ್ನು ನೀವು ಪ್ರಶ್ನಿಸಬಹುದು. ಯಾವ ಹಣ್ಣು? ಯಾವಾಗ ಹಾಕಿದ್ದು? ಗಾಜಿನ ಅಥವಾ ಪಿಂಗಾಣಿ ಜಾಡಿಯೇ? ಬೇರೆ ಏನಾದರೂ ಬೆರೆಸಿದ್ದೀರಾ? ಪೂರ್ತಿ ಹುಳಿಯಾಗಿದೆ ಎಂದು ಹೇಗೆ ಗೊತ್ತಾಯಿತು? ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವವರಲ್ಲಿ ಕೊಳ್ಳಬೇಡಿ. ಜಾಡಿಯ ಬಟ್ಟೆ ಬಿಚ್ಚಿ ತೋರಿಸುವವರಲ್ಲಿ ಕೊಳ್ಳಿ. ನಮ್ಮ ಮೊಹಲ್ಲಾಗಳಲ್ಲಿ ಉಪ್ಪಿನಕಾಯಿ, ಸಿರ್ಕಾ ಮಾಡಿ ಮಾರುವ ತಾಯಂದಿರಿಗೂ ಒಂದು ಮಾತು: ಪ್ರತಿ ಜಾಡಿಗೂ ದಿನಾಂಕ ಬರೆಯಿರಿ, ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಿ. ಕೆಟ್ಟ ಜಾಡಿಯನ್ನು ಒಳ್ಳೆಯದರ ಜೊತೆ ಬೆರೆಸದೆ ಚೆಲ್ಲಿಬಿಡಿ.

ಅವರು ಹಾಗೆ ಚೆಲ್ಲಬೇಕಾದರೆ ನಾವು ಸರಿಯಾದ ಬೆಲೆ ಕೊಡಬೇಕು. ತಿಂಗಳುಗಟ್ಟಲೆ ಜಾಡಿ ಕಾಯ್ದವರ ಮುಂದೆ ಹತ್ತು ರೂಪಾಯಿಗೆ ಚೌಕಾಸಿ ಮಾಡಿ, ಅಂಗಡಿಯಲ್ಲಿ ಬಾಯಿ ಮುಚ್ಚಿ ಎಂಆರ್‌ಪಿ ಕೊಡುವವರು ನಾವೇ. "ಅಷ್ಟು ದುಡ್ಡು ಎಲ್ಲಿಂದ?" ಎನ್ನುವವರ ಮಾತೂ ನ್ಯಾಯವೇ. ಅಂಥವರಿಗೆ ಸಿರ್ಕಾ ಬೇಕೇ ಬೇಕು ಎಂದೇನಿಲ್ಲ. ಊಟದ ಹುಳಿಗೆ ನಿಂಬೆ ಇದೆ, ಹುಣಸೆ ಇದೆ. ಅಂಗಡಿಯಲ್ಲೇ ಕೊಳ್ಳುವುದಾದರೆ ಲೇಬಲ್ ಓದಿ. ಹುದುಗಿಸಿದ ವಿನೆಗರಿನಲ್ಲಿ 100 ಮಿಲಿಗೆ ಕನಿಷ್ಠ 3.75 ಗ್ರಾಂ ಅಸಿಟಿಕ್ ಆಮ್ಲ ಇರಬೇಕು ಎಂಬುದು ನಮ್ಮ ದೇಶದ ನಿಯಮ. ಆಮ್ಲದಿಂದ ಮಾಡಿದ್ದಾದರೆ 'ಸಿಂಥೆಟಿಕ್' ಎಂದು ಬರೆಯಲೇಬೇಕು.

ಕೊನೆಯದಾಗಿ ಸೇವನೆಯ ಬಗ್ಗೆ. ಮನೆಯಲ್ಲಿ ರೊಟ್ಟಿಯ ಜೊತೆಗೆ ಸಿರ್ಕಾ ಬಿಟ್ಟು ಬೇರೇನೂ ಇಲ್ಲದಿದ್ದಾಗ ಪ್ರವಾದಿವರ್ಯರು(ಸ) ಅದನ್ನು ಒಳ್ಳೆಯ ವ್ಯಂಜನವೆಂದು ಹೊಗಳಿದರು. ಅಂದರೆ ಊಟದ ಜೊತೆಗೆ, ಇದ್ದುದರಲ್ಲಿ ತೃಪ್ತಿಪಟ್ಟು. ಖಾಲಿ ಹೊಟ್ಟೆಗೆ ಗುಟುಕರಿಸಲು ಅಲ್ಲ. ಯುನಾನಿಯಲ್ಲಿಯೂ ಸಿರ್ಕಾವನ್ನು ಹೆಚ್ಚಾಗಿ ಜೇನು ಅಥವಾ ಸಕ್ಕರೆಯೊಂದಿಗೆ ಪಾಕ ಮಾಡಿ ಸಿಕಂಜಬೀನ್ ರೂಪದಲ್ಲಿ, ನೀರು ಬೆರೆಸಿ ಕೊಡುತ್ತೇವೆ. ನೀರು ಬೆರೆಸದ ಸಿರ್ಕಾ ಹಲ್ಲಿನ ಹೊಳಪನ್ನು ತಿನ್ನುತ್ತದೆ, ಗಂಟಲನ್ನು ಸುಡುತ್ತದೆ. ಹೊಟ್ಟೆಯ ಹುಣ್ಣು, ಎದೆಯುರಿ ಇರುವವರು ದೂರವಿರಿ. ಸಕ್ಕರೆ ಕಾಯಿಲೆಯವರು ಸಿರ್ಕಾ ನಂಬಿ ಮಾತ್ರೆ, ಇನ್ಸುಲಿನ್ ಬಿಡುವುದು ಜೀವಕ್ಕೇ ಅಪಾಯ.

ಆ ಹಿರಿಯರು ಬಾಟಲಿಯನ್ನು ಅಡುಗೆಮನೆಗೆ ಬಿಟ್ಟುಕೊಟ್ಟರು. ಎದೆಯುರಿ ಇಳಿಯಿತು. ಅಲ್ಲಾಹನು ನಮಗೆ ತಿನ್ನಲು ಹೇಳಿದ್ದು ಹಲಾಲನ್ನು ಮಾತ್ರವಲ್ಲ, 'ತಯ್ಯಿಬ್' ಅಂದರೆ ಶುದ್ಧವಾದುದನ್ನೂ. ಹಲಾಲ್ ಮುದ್ರೆಯನ್ನು ಹುಡುಕುವಷ್ಟೇ ಶ್ರದ್ಧೆಯಿಂದ, ಮುದ್ರೆಯ ಹಿಂದೆ ಏನಿದೆ ಎಂದೂ ಹುಡುಕಿ.