ಆ ಅಬ್ಬಿಯ ಹೆಸರು ನಾವು ಬರೆಯುವುದಿಲ್ಲ

ಈ ಸಲ ದೀಪಾವಳಿ ಕಳೆದ ಮೇಲೆ ಐದು ಜನ ಸೇರಿ ಮೂರು ದಿನ ತಿರುಗಾಡಿ ಬರೋಣ ಎಂದು ಮಾತಾಡಿಕೊಂಡೆವು. ಪತ್ರಿಕೋದ್ಯಮ ಡಿಪ್ಲೊಮಾವನ್ನು ಒಟ್ಟಿಗೆ ಓದಿದವರು ನಾವು. ಈಗ ಕಡೂರು, ತರೀಕೆರೆ, ಅಜ್ಜಂಪುರ ಸುತ್ತಮುತ್ತ ಸುದ್ದಿಗಿಷ್ಟು ಎಂಬ ಲೆಕ್ಕದಲ್ಲಿ ಬರೆಯುವ ಸ್ಟ್ರಿಂಗರ್‌ಗಳು. ಎರಡು ಟೆಂಟು, ಎರಡು ಕ್ಯಾಮೆರಾ, ಒಂದು ಟ್ರೈಪಾಡು ಹೊಂದಿಸಿಯೂ ಆಯಿತು. ಅಷ್ಟರಲ್ಲಿ ಒಬ್ಬ ಮೊಬೈಲಿನಲ್ಲಿ ಮ್ಯಾಪ್ ತೆರೆದು ಕಾಡಿನ ನಡುವಿನ ಒಂದು ಕಮರಿ ತೋರಿಸಿದ. "ಇಲ್ಲೊಂದು ಅಬ್ಬಿ ಇದೆ ಕಣ್ರೋ, ಇನ್ನೂ ಯಾರೂ ರೀಲ್ಸ್ ಮಾಡಿಲ್ಲ. ರಾತ್ರಿ ಅಲ್ಲೇ ಟೆಂಟ್ ಹಾಕೋಣ" ಎಂದ. ಅರ್ಧ ಗಂಟೆ ಜಗಳವಾಯಿತು. ಕೊನೆಗೆ ಆ ಕಮರಿಯನ್ನು ಕೈಬಿಟ್ಟೆವು. ಪ್ರವಾಸ ಬಿಡಲಿಲ್ಲ, ಟೆಂಟೂ ಬಿಡಲಿಲ್ಲ. ಕಮರಿಯನ್ನು ಮಾತ್ರ ಯಾಕೆ ಬಿಟ್ಟೆವು, ನೀವೂ ಯಾಕೆ ಬಿಡಬೇಕು ಎಂದು ಹೇಳುವುದಕ್ಕೇ ಈ ಬರಹ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಡೆಸ್ಕಿನಿಂದ ಫೋನ್ ಬಂತು: "ಭಾನುವಾರದ ಪುಟಕ್ಕೆ ಯಾರೂ ನೋಡದ ಜಲಪಾತ ಏನಾದ್ರೂ ಇದ್ರೆ ಕಳಿಸ್ರೀ." ನಮ್ಮಲ್ಲೊಬ್ಬರು ತರೀಕೆರೆ ಕಡೆಯ ಒಂದು ಹಳ್ಳದ ಫೋಟೊ ಕಳಿಸಿದೆವು. 'ಕಣ್ಮನ ಸೆಳೆಯುವ' ಎಂದು ಶೀರ್ಷಿಕೆ ಬಂತು, 'ಹೋಗುವುದು ಹೇಗೆ?' ಎಂಬ ಬಾಕ್ಸೂ ಬಂತು. ಮೂರನೇ ಭಾನುವಾರಕ್ಕೆ ಆ ಮಣ್ಣು ರಸ್ತೆಯಲ್ಲಿ ನಲವತ್ತು ಬೈಕು ನಿಂತಿದ್ದವು. ಆ ಹಳ್ಳದ ನೀರನ್ನು ಪೈಪಿನಲ್ಲಿ ಅಡಿಕೆ ತೋಟಕ್ಕೆ ಇಳಿಸಿಕೊಂಡಿದ್ದ ಹಿರಿಯರೊಬ್ಬರಿದ್ದರು. ಬಂದವರು ಬಂಡೆ ಹತ್ತಲು ಆ ಪೈಪನ್ನೇ ಹಿಡಿದು ಜಗ್ಗಿ ಮುರಿದಿದ್ದರು. ಅವರು ನಮ್ಮ ನಂಬರ್ ಹುಡುಕಿ ಫೋನ್ ಮಾಡಿದರು. ಬೈಯಲಿಲ್ಲ. "ನಿಮ್ ಪೇಪರ್‌ನೋರಿಗೆ ಸುದ್ದಿ ಸಿಕ್ತು ಕಣಪ್ಪ, ನನ್ ತೋಟಕ್ಕೆ ನೀರು ತಪ್ತು" ಎಂದಷ್ಟೇ ಹೇಳಿ ಇಟ್ಟರು. ಆ ಸುದ್ದಿಗೆ ನಮಗೆ ಬಂದ ದುಡ್ಡಿನಲ್ಲಿ ಹೊಸ ಪೈಪಿನ ಒಂದು ಉದ್ದವೂ ಬರುತ್ತಿರಲಿಲ್ಲ.

ಜೂನ್‌ನಲ್ಲಿ 'ಹಾಲ್ನೊರೆಯ ಜಲಧಾರೆ' ಎಂದು ಬರೆಯುವವರು ನಾವೇ, ಜುಲೈನಲ್ಲಿ 'ಕಾಲು ಜಾರಿ ಯುವಕ ನೀರುಪಾಲು' ಎಂದು ಬರೆಯುವವರೂ ನಾವೇ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತು ವಿಡಿಯೊ ಮಾಡಿಸಿಕೊಳ್ಳುತ್ತಿದ್ದ ಯುವಕ ಜಾರಿ ಬಿದ್ದ. ಶವ ಸಿಗಲು ಒಂದು ವಾರ ಬೇಕಾಯಿತು. ಆ ವಿಡಿಯೊವನ್ನು ಟಿ.ವಿ.ಗಳು ದಿನಗಟ್ಟಲೆ ತೋರಿಸಿದವು. ಇಂಥ ಜಾಗಗಳ ದಾರಿ ಹೇಳಿಕೊಟ್ಟು ಜನರನ್ನು ಕಳಿಸುವುದರಲ್ಲಿ ಪತ್ರಿಕೆಯವರ ಪಾಲೂ ಇದೆ ಎಂದು ಯಾರೂ ಬರೆಯಲಿಲ್ಲ. ನಾವೂ ಬರೆಯಲಿಲ್ಲ.

"ಅದೆಲ್ಲ ಮಳೆಗಾಲದ ಮಾತು, ಕಾರ್ತಿಕದಲ್ಲಿ ಏನು ಭಯ?" ಎಂದು ನಮ್ಮ ಗೆಳೆಯನೂ ಕೇಳಿದ. ಫೋಟೊಗೆ ಇದೇ ಒಳ್ಳೆಯ ಕಾಲ ಎನ್ನುವುದು ನಿಜ. ಆಷಾಢದಲ್ಲಿ ಕೆಂಪಗೆ, ಮಂಜಿನಲ್ಲಿ ಮುಚ್ಚಿಹೋಗುವ ನೀರು ಈಗ ತಿಳಿಯಾಗಿರುತ್ತದೆ, ಬಂಡೆಯ ಪದರ ಕಾಣುತ್ತದೆ, ಶಟರ್ ನಿಧಾನ ಮಾಡಿದರೆ ನೀರು ರೇಷ್ಮೆಯ ಎಳೆಯಂತೆ ಬರುತ್ತದೆ. ಆದರೆ ನಮ್ಮ ಸೀಮೆಗೆ ನವೆಂಬರಿನಲ್ಲೂ ಹಿಂಗಾರು ಇದೆ. ಮೇಲಿನ ಗುಡ್ಡದಲ್ಲಿ ಒಂದು ಗಂಟೆ ಜೋರಾಗಿ ಹೊಯ್ದರೆ ಕೆಳಗಿನ ಕಮರಿಯಲ್ಲಿ ಮಲಗಿದವನಿಗೆ ಗೊತ್ತಾಗುವುದು ಟೆಂಟಿಗೆ ನೀರು ನುಗ್ಗಿದಾಗಲೇ. ಕಮರಿಯೊಳಗೆ ಸಂಜೆ ನಾಲ್ಕಕ್ಕೇ ಬೆಳಕು ಸಾಯುತ್ತದೆ, ಫೋನಿಗೆ ಸಿಗ್ನಲ್ ಇರುವುದಿಲ್ಲ. ಭತ್ತ ತೆನೆ ಕಟ್ಟುವ ಈ ಹೊತ್ತಿನಲ್ಲೇ ಆನೆಗಳೂ ಕಾಡಂಚಿಗೆ ಬರುತ್ತವೆ. ಕಾಲು ಮುರಿದುಕೊಂಡವನನ್ನು ಹೊತ್ತು ತರಲು ಕೊನೆಗೆ ಬರಬೇಕಾದವರು ಅದೇ ಊರಿನ ಹುಡುಗರು, ಅದೇ ಫಾರೆಸ್ಟ್ ವಾಚರುಗಳು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಆ ಕಮರಿಗಳಿರುವುದು ಬಹುಪಾಲು ಭದ್ರಾ ಕಾಡಿನಲ್ಲಿ. 1974ರಲ್ಲಿ ಅಭಯಾರಣ್ಯ, 1998ರಲ್ಲಿ ಹುಲಿ ಮೀಸಲು ಪ್ರದೇಶ. 1972ರ ವನ್ಯಜೀವಿ ಕಾಯ್ದೆಯಂತೆ ಅನುಮತಿ ಇಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ಕಾಯ್ದೆಯ ಮಾತು ಪಕ್ಕಕ್ಕಿಡಿ. ಆ ಕಾಡಿನೊಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2002ರ ಹೊತ್ತಿಗೆ ಗದ್ದೆ, ಮನೆ, ದೇವರ ಬನ ಎಲ್ಲ ಬಿಟ್ಟು ಹೊರಬಂದವು. ಅವರಲ್ಲಿ ಹೆಚ್ಚಿನವರು ಈಗ ನಮ್ಮ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿದ್ದಾರೆ. ಕಾಡು ನೆಮ್ಮದಿಯಾಗಿರಲಿ ಎಂದು ಹುಟ್ಟಿದ ಊರನ್ನೇ ಬಿಟ್ಟವರ ಎದುರು, ಎರಡು ರಾತ್ರಿಯ ಮೋಜಿಗೆ ಅದೇ ಕಾಡಿನಲ್ಲಿ ಟೆಂಟ್ ಹೊಡೆಯುತ್ತೇವೆ ಎನ್ನಲು ನಮಗೆ ಯಾವ ಬಾಯಿದೆ?

ಇದಕ್ಕೆ ಎರಡು ಆಕ್ಷೇಪ ಬರುತ್ತವೆ. ಒಂದು, ಪ್ರವಾಸಿಗರು ಬಂದರೆ ಹಳ್ಳಿಗೆ ದುಡ್ಡು ಬರುತ್ತದಲ್ಲ? ಬರುತ್ತದೆ, ರಸ್ತೆಯಲ್ಲಿ ಬಂದವರಿಂದ. ಹೆಬ್ಬೆಯ ಜೀಪು ಓಡಿಸುವವರು, ಕಲ್ಲತ್ತಿಗಿರಿಯಲ್ಲಿ ಹಣ್ಣುಕಾಯಿ ಮಾರುವವರು, ಲಿಂಗದಹಳ್ಳಿಯ ಹೋಟೆಲಿನವರು ದುಡಿಯುವುದು ಅವರಿಂದಲೇ. ಕದ್ದು ಕಾಡಿಗೆ ನುಗ್ಗುವವರು ಬೆಂಗಳೂರಿನಿಂದಲೇ ನೂಡಲ್ಸ್, ನೀರಿನ ಬಾಟಲಿ ತರುತ್ತಾರೆ, ಬಾಟಲಿಯನ್ನು ಮಾತ್ರ ಇಲ್ಲೇ ಬಿಟ್ಟು ಹೋಗುತ್ತಾರೆ. ಇನ್ನೊಂದು, ಅರಣ್ಯ ಇಲಾಖೆಯ ದರ್ಬಾರಿಗೆ ನಾವೇಕೆ ತಾಳ ಹಾಕಬೇಕು? ಹಾಕಬೇಕಿಲ್ಲ. ಸೌದೆ ಆರಿಸುವ ಹೆಂಗಸನ್ನು ತಡೆಯುವ ಗೇಟು ದೊಡ್ಡ ಕಾರಿಗೆ ತೆರೆದರೆ ಅದನ್ನು ಬರೆಯುವುದು ನಮ್ಮ ಕೆಲಸ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ಮೇಲೆಯೇ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿದ್ದು. ಅಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಬೇಕು. ಆದರೆ ಇಲಾಖೆ ಸರಿಯಿಲ್ಲ ಎಂಬುದು ನಾವು ಬೇಲಿ ಹಾರುವುದಕ್ಕೆ ಪರವಾನಗಿ ಆಗುವುದಿಲ್ಲ.

ಹಾಗಾದರೆ ನಮ್ಮ ಪ್ರವಾಸ ಏನಾಯಿತು? ಹೀಗೆ ತಿದ್ದಿದೆವು. ಮೂರೂ ಊರಿಗೆ ರೈಲಿದೆ, ತರೀಕೆರೆಯಲ್ಲಿ ಇಳಿಯುವುದು. ಬೆಳಗ್ಗೆ ಅಮೃತಾಪುರ. 1196ರಲ್ಲಿ ಇಮ್ಮಡಿ ಬಲ್ಲಾಳನ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ಗುಡಿಯ ಕಂಬಗಳಿಗೆ ಎಳೆ ಬಿಸಿಲು ಚೆನ್ನ. ಮಧ್ಯಾಹ್ನ ಕಲ್ಲತ್ತಿಗಿರಿ, ಅಲ್ಲಿ ನೀರು ವೀರಭದ್ರನ ಗುಡಿಯ ಎದುರೇ ಬೀಳುತ್ತದೆ, ಹುಡುಕಬೇಕಾದ್ದೇನಿಲ್ಲ. ಎರಡನೇ ದಿನ ಕೆಮ್ಮಣ್ಣುಗುಂಡಿ, ಅಲ್ಲಿಂದ ಗೊತ್ತಾದ ಜೀಪಿನಲ್ಲೇ ಹೆಬ್ಬೆ. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತದಲ್ಲಿ ಸುಮಾರು 168 ಮೀಟರ್ ಇಳಿಯುವ ನೀರು ಸಾಲದು ಎನ್ನುವವರಿಗೆ ಯಾವ 'ಗುಪ್ತ ಜಲಪಾತ'ವೂ ಸಾಲದು. ಕತ್ತಲಾಗುವುದರೊಳಗೆ ಬೆಟ್ಟ ಇಳಿಯುವುದು.

ಟೆಂಟು ಬಯಲುಸೀಮೆಯಲ್ಲಿ. ಅಜ್ಜಂಪುರ ಕಡೆ ಗೆಳೆಯನ ಮಾವನವರ ಹೊಲದಲ್ಲಿ ರಾಗಿ ಕೊಯ್ದು ಮೆದೆ ಹಾಕಿರುತ್ತಾರೆ, ಆ ಕಣದ ಪಕ್ಕ. ಅವರನ್ನು ಕೇಳಿದ್ದೇವೆ, ಊಟಕ್ಕೆ ದುಡ್ಡು ಕೊಡುತ್ತೇವೆ. ನಕ್ಷತ್ರದ ಫೋಟೊಗೆ ಕಮರಿಗಿಂತ ಬಯಲಿನ ಆಕಾಶವೇ ಮೇಲು. ಹಾಗೆಂದು ಬಾಸೂರು ಕಾವಲಿಗೆ ಟೆಂಟ್ ಒಯ್ಯಬೇಡಿ. ಅದು 2011ರಿಂದ ಕೃಷ್ಣಮೃಗಗಳಿಗಾಗಿ ಕಾಯ್ದಿಟ್ಟ ಹುಲ್ಲುಗಾವಲು.

ಮೂರನೇ ದಿನ ಅಯ್ಯನಕೆರೆ, ಮದಗದ ಕೆರೆ. ಜಲಪಾತದ ಪ್ರವಾಸದಲ್ಲಿ ಕೆರೆ ಯಾಕೆ ಎಂದರೆ, ನೀರಿನ ಕಥೆ ಅಬ್ಬಿಯಲ್ಲಿ ಮುಗಿಯುವುದಿಲ್ಲ. ಬಾಬಾಬುಡನ್ ಗಿರಿಯಿಂದ ಹೆಬ್ಬೆಯ ಕಡೆ ಇಳಿದ ನೀರು ಭದ್ರೆಗೆ ಹೋಗುತ್ತದೆ. ಮೂಡಣಕ್ಕೆ ಇಳಿದದ್ದು ಈ ಎರಡು ಕೆರೆ ದಾಟಿ, ವೇದಾ ಮತ್ತು ಅವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ವಾಣಿವಿಲಾಸ ಸಾಗರ ಸೇರುತ್ತದೆ. ಈಗ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನೂ ಎತ್ತಿ, ಅಜ್ಜಂಪುರದ ಬಳಿಯ ಸುರಂಗ ಹಾಯಿಸಿ, ಅದೇ ವಾಣಿವಿಲಾಸಕ್ಕೆ ಬಿಡುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ ಕಡೂರಿನ ಹಳ್ಳಿಗಳ ಟ್ಯಾಂಕರ್ ಸಾಲಿನ ಸುದ್ದಿ ಬರೆದವರು ನಾವು. ಆ ಸುದ್ದಿಗೆ ಒಳಪುಟದ ಮೂಲೆ ಸಿಕ್ಕಿತ್ತು. ಜಲಪಾತಕ್ಕಾದರೆ ಬಣ್ಣದ ಅರ್ಧ ಪುಟ.

ಆದ್ದರಿಂದ ನಮ್ಮ ಜೊತೆ ಓದಿದವರಲ್ಲಿ, ನಮ್ಮ ಹಿಂದೆ ಓದುತ್ತಿರುವವರಲ್ಲಿ ಒಂದು ಕೇಳಿಕೆ. ಗೇಟಿಲ್ಲದ, ಕಾವಲಿಲ್ಲದ, ದಾರಿಯಿಲ್ಲದ ಅಬ್ಬಿಯ ಹೆಸರು ಬರೆಯಬೇಡಿ. ಫೋಟೊದ ಜೊತೆ ಲೊಕೇಶನ್ ಹಾಕಬೇಡಿ. ಬರುವ ಜೂನ್‌ನಲ್ಲಿ ಡೆಸ್ಕಿನಿಂದ ಮತ್ತೆ ಫೋನ್ ಬಂದೇ ಬರುತ್ತದೆ. ಯಾರೂ ನೋಡದ ಜಲಪಾತ ಇಲ್ಲ ಸಾರ್, ಯಾರೂ ನೋಡದ ಕೆರೆ ಇದೆ, ಹೂಳು ತುಂಬಿದೆ, ಕಳಿಸಲಾ ಎಂದು ಕೇಳಿ. ಬೇಡ ಎಂದರೆ ಆ ಭಾನುವಾರದ ದುಡ್ಡು ಹೋಯಿತು ಅಷ್ಟೇ. ನಾವು ಐವರೂ ಅದಕ್ಕೆ ಒಪ್ಪಿದ್ದೇವೆ. ಮೊಬೈಲಿನಲ್ಲಿ ಕಮರಿ ತೋರಿಸಿದವನೂ ಒಪ್ಪಿದ್ದಾನೆ.