ಬೆಚ್ಚಿಬೀಳಿಸುವ ಹಾಡು: ಅಂದು, ಇಂದು



ಗಣಪತಿ ಹಬ್ಬದಲ್ಲಿ ಮೈಕಿನಲ್ಲಿ ಹಾಕುವ ಹಾಡು ಕೇಳಿ ನಮ್ಮೂರಿನ ಹಿರಿಯರು, "ಥೂ, ಏನ್ ಕಾಲ ಬಂತಪ್ಪಾ, ನಮ್ ಕಾಲದಾಗೆ ಹಿಂಗಿರಲಿಲ್ಲ" ಅನ್ನುತ್ತಾರೆ. ಹಿಂದಿನ ಕಾಲದ ಹಾಡುಗಳು ಯಾರನ್ನೂ ಬೆಚ್ಚಿಬೀಳಿಸುತ್ತಿರಲಿಲ್ಲವೇ? ಬೀಳಿಸುತ್ತಿದ್ದವು. ಆದರೆ ಬೇರೆ ಜನರನ್ನು ಬೀಳಿಸುತ್ತಿದ್ದವು. ಇದು ನನ್ನ ಅಭಿಪ್ರಾಯ.

ಕನಕದಾಸರು ಕೀರ್ತನೆಯಲ್ಲಿ ಜಾತಿಯ ಜಂಬವನ್ನು ಪ್ರಶ್ನಿಸಿದರು. ಹುಟ್ಟಿನಿಂದಲೇ ದೊಡ್ಡವರು ಅನ್ನಿಸಿಕೊಂಡವರಿಗೆ ಅದು ಹೇಗೆ ಚುಚ್ಚಿರಬೇಕು, ಯೋಚಿಸಿ. ಶಿಶುನಾಳ ಶರೀಫರು (1819-1889) ಮುಸ್ಲಿಮರು, ಅವರ ಗುರು ಗೋವಿಂದಭಟ್ಟರು ಬ್ರಾಹ್ಮಣರು. ಶರೀಫರ ಪದಗಳನ್ನು ಇಂದಿಗೂ ಎಲ್ಲರೂ ಹಾಡುತ್ತಾರೆ.

ನಾವು ಚಿಕ್ಕವರಿದ್ದಾಗ ಕಲಿತ ನಾಯಿಮರಿ ಪದ್ಯ ಬರೆದವರು ಜಿ.ಪಿ. ರಾಜರತ್ನಂ. ಅವರು ಕನ್ನಡ ಮೇಷ್ಟ್ರು. ಅವರೇ 'ರತ್ನನ ಪದಗಳು' ಬರೆದರು. ಅದರಲ್ಲಿ ಹಾಡುವವನು ಒಬ್ಬ ಬಡ ಕುಡುಕ! ಮೇಷ್ಟ್ರಾದವರು ಕುಡುಕನ ಪದ, ಅದೂ ಆಡುಮಾತಿನಲ್ಲಿ ಬರೆದರೆ ಜನ ಬೆಚ್ಚದೆ ಇರುತ್ತಾರೆಯೇ? ಆದರೆ ಆ ರತ್ನನಿಗೆ ಹೆಂಡತಿ ನಂಜಿ ಮೇಲೆ ಪ್ರೀತಿ ಇದೆ, ಕನ್ನಡದ ಮೇಲೆ ಪ್ರಾಣವೇ ಇದೆ. ಓದಿದವರಿಗೆ ಕುಡುಕನೂ ಮನುಷ್ಯನೇ ಅನ್ನಿಸುತ್ತದೆ.

ಆಮೇಲೆ ಸಿನಿಮಾ ಹಾಡುಗಳ ಕಾಲ ಬಂತು. 1993ರಲ್ಲಿ ಹಿಂದಿಯ 'ಖಳನಾಯಕ್' ಚಿತ್ರದ ಒಂದು ಹಾಡಿನ ಮಾತಿಗೆ ದೇಶದಲ್ಲೆಲ್ಲ ಗಲಾಟೆಯಾಗಿ ಕೋರ್ಟಿನವರೆಗೂ ಹೋಯಿತು. ಈಗ ಅಂಥ ಹಾಡು ಬಂದರೆ ಯಾರೂ ತಿರುಗಿಯೂ ನೋಡುವುದಿಲ್ಲ. ದಿನಾ ಪಟಾಕಿ ಹೊಡೆದರೆ ನಾಯಿಯೂ ಏಳುವುದಿಲ್ಲವಲ್ಲ, ಹಾಗೆ. ಅದಕ್ಕೇ ಮುಂದಿನವರು ಇನ್ನೂ ದೊಡ್ಡ ಪಟಾಕಿ ಹಚ್ಚುತ್ತಾರೆ. ಕುಡಿತ, ಲಾಂಗು ಮಚ್ಚು, ಹುಡುಗಿಯರಿಗೆ ಬೈಗುಳ, ಎಲ್ಲಾ ಹಾಡಾಗುತ್ತದೆ.

ಅಂದಿನ ಹಾಡು ದೊಡ್ಡವರನ್ನು ಚುಚ್ಚುತ್ತಿತ್ತು. ಇಂದಿನ ಇಂಥ ಹಾಡು ಯಾರನ್ನು ಚುಚ್ಚುತ್ತದೆ? ನಾವು ಹುಡುಗಿಯರು ಬಸ್ ಸ್ಟ್ಯಾಂಡ್ ದಾಟುವಾಗ ಕಟ್ಟೆ ಮೇಲೆ ಕೂತವರು ಬೇಕಂತಲೇ ಅಂಥ ಸಾಲು ಹಾಡುತ್ತಾರೆ. ಕೇಳಿದರೆ, "ನಿಂಗೇನಂದ್ವಿ? ಸಿನಿಮಾ ಹಾಡು ಹೇಳಿದ್ವಿ" ಅಂತಾರೆ. ಬೈದರೆ ಮನೆಯಲ್ಲಿ ಹೇಳಬಹುದು. ಹಾಡಿದರು ಅಂತ ಯಾರಿಗೆ ಹೇಳುವುದು? ಒಬ್ಬಳು ಹೇಳಿದ್ದಕ್ಕೆ ಮನೆಯವರು, "ನಾಳೆಯಿಂದ ಸ್ಕೂಲೇ ಬೇಡ ಬಿಡು" ಅಂದರು. ಹಾಡಿದವರಿಗೆ ಏನೂ ಆಗಲಿಲ್ಲ.

"ರಾಗ ಚೆನ್ನಾಗಿದೆ, ಮಾತು ಯಾರು ಕೇಳ್ತಾರೆ?" ಎಂದು ಕೆಲವು ಗೆಳೆಯರು ಹೇಳುತ್ತಾರೆ. ಕಟ್ಟೆ ಮೇಲಿನವರು ರಾಗ ಹಾಡುವುದಿಲ್ಲ, ಮಾತನ್ನೇ ಒತ್ತಿ ಹೇಳುತ್ತಾರೆ. ಒಂದನೇ ತರಗತಿ ಮಕ್ಕಳಿಗೂ ಆ ಮಾತು ಬಾಯಿಪಾಠ.

ಹಾಗಂತ ಬರೀ ಭಜನೆ ಹಾಡಿ ಎಂದು ನಾನು ಹೇಳುತ್ತಿಲ್ಲ. ನನಗೂ ಕುಣಿಯುವ ಹಾಡು ಇಷ್ಟ. ಶಾಲಾ ವಾರ್ಷಿಕೋತ್ಸವಕ್ಕೆ ಡ್ಯಾನ್ಸಿನ ಹಾಡು ಆರಿಸುವಾಗ ಒಂದು ಕೆಲಸ ಮಾಡೋಣ. ರಾಗ ಬಿಟ್ಟು ಬರೀ ಮಾತನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದೋಣ. ಅದರಿಂದ ಯಾರಿಗೆ ನೋವಾಗುತ್ತದೆ ಎಂದು ಕೇಳೋಣ. ಜಂಬಗಾರರಿಗೆ ನೋವಾದರೆ ಆಗಲಿ, ಹಾಡೋಣ. ದಾರಿಯಲ್ಲಿ ಸುಮ್ಮನೆ ಹೋಗುವವರಿಗೆ ನೋವಾದರೆ ಆ ಹಾಡು ನಮ್ಮ ಶಾಲೆಗೆ ಬೇಡ. ಗುರುಗಳು ಈ ಮಾತನ್ನು ಒಪ್ಪಿ ನಡೆಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

- 7ನೇ ತರಗತಿ ವಿದ್ಯಾರ್ಥಿನಿ