ಮುದ್ದತ್ತಿಲ್ಲದ ಬಾಕಿ

ಮೃತದೇಹವನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿರಿಸಿ, ಮುಂದೆಂದೋ ವೈದ್ಯವಿಜ್ಞಾನವು ಎಬ್ಬಿಸೀತೆಂದು ಕಾಯುವ ಪದ್ಧತಿಗೆ ಪಾಶ್ಚಾತ್ಯರು ಕ್ರಯೋನಿಕ್ಸ್ ಎಂದು ಹೆಸರಿಟ್ಟಿದ್ದಾರೆ. 1967ರ ಜನವರಿಯಲ್ಲಿ ಅಮೆರಿಕದ ಪ್ರಾಧ್ಯಾಪಕ ಜೇಮ್ಸ್ ಬೆಡ್‌ಫರ್ಡ್ ಅವರ ದೇಹವನ್ನು ಮೊದಲು ಹೀಗೆ ಇರಿಸಲಾಯಿತು. ಅದು ಇಂದಿಗೂ ಹಾಗೆಯೇ ಇದೆ. ಎದ್ದು ಬಂದವರು ಒಬ್ಬರೂ ಇಲ್ಲ. ಆದರೆ ಅಮೆರಿಕದ ಹೊರಗಿರುವ ಇದರ ಅಭಿಮಾನಿಗಳ ಚಿಂತೆ ಅದಲ್ಲ. ಇಂಧನದ ಬೆಲೆ ಏರಿ ವಿಮಾನಗಳು ಕಡಿಮೆಯಾದರೆ ತಮ್ಮ ದೇಹವು ಅಲ್ಲಿಗೆ ತಲುಪುವುದೆಂತು ಎಂಬುದೇ ಅವರ ಚಿಂತೆ.

ಚಿಂತೆ ನಿರಾಧಾರವಲ್ಲ. ಈ ಕಾರ್ಯದ ಹಳೆಯ ಸಂಸ್ಥೆಗಳೆರಡು ಅರಿಜೋನ ಮತ್ತು ಮಿಶಿಗನ್ ರಾಜ್ಯಗಳಲ್ಲಿವೆ. ಹೊರದೇಶದಲ್ಲಿ ಸತ್ತವರನ್ನು ಒಣ ಮಂಜುಗಡ್ಡೆಯಲ್ಲಿಟ್ಟು ವಿಮಾನದ ಸರಕಾಗಿ ಕಳುಹಿಸಬೇಕು. ಆ ಮಂಜುಗಡ್ಡೆಯೋ ಗಂಟೆಗಂಟೆಗೂ ಆವಿಯಾಗುವಂಥದು. 2008ರ ಜುಲೈನಲ್ಲಿ ಕಚ್ಚಾತೈಲವು ಬ್ಯಾರಲಿಗೆ 147 ಡಾಲರ್ ಮುಟ್ಟಿದಾಗ ವಿಮಾನ ಕಂಪನಿಗಳು ಸಂಚಾರವನ್ನು ಕಡಿತಗೊಳಿಸಿದವು. 2020ರಲ್ಲಿ ಕೋವಿಡ್ ಬಂದಾಗ ಅಂತರರಾಷ್ಟ್ರೀಯ ಸಂಚಾರವೇ ಬಹುತೇಕ ಸ್ತಬ್ಧವಾಯಿತು. ಮರಣ ಸಮೀಪಿಸಿದವರು ಮುಂಚೆಯೇ ಸನಿಹಕ್ಕೆ ಬಂದು ನೆಲೆಸಿರೆಂಬ ಸಲಹೆಯೂ ಉಂಟು. ವೀಸಾ, ಆಸ್ಪತ್ರೆಯ ವೆಚ್ಚ, ಬಂಧುಗಳಿಲ್ಲದ ಕೊನೆಯ ದಿನಗಳು, ಇವನ್ನು ಯಾರು ಭರಿಸುವರೋ!

ಹಾಗಾದರೆ ಪ್ರತಿದೇಶದಲ್ಲಿಯೂ ಶೈತ್ಯಾಗಾರವಿರಲಿ ಎನ್ನುವರು. ಸ್ವಿಟ್ಜರ್ಲೆಂಡಿನಲ್ಲಿ, ಆಸ್ಟ್ರೇಲಿಯದಲ್ಲಿ ಈಗಾಗಲೇ ಆಗಿವೆ. ಇಲ್ಲಿಯೇ ವಾದವು ಎಡವುತ್ತದೆ. ವಿಮಾನದ ಬಾಡಿಗೆ ಒಮ್ಮೆ ತೆರುವ ಖರ್ಚು. ಸಾರಜನಕದ್ದು ಎಂದೆಂದಿಗೂ ತೆರುವ ಖರ್ಚು. ದೇಹವಿರಿಸಿದ ಪಾತ್ರೆಗೆ ವಿದ್ಯುತ್ತು ಬೇಡ, ನಿಜ. ಆದರೆ ಒಳಗಿನ ಸಾರಜನಕವು ಸದಾ ಆವಿಯಾಗುತ್ತಿರುವುದರಿಂದ ಮತ್ತೆ ಮತ್ತೆ ತುಂಬಬೇಕು. ಗಾಳಿಯನ್ನು ಒತ್ತಿ, ತಣಿಸಿ, ಸಾರಜನಕವನ್ನು ಬೇರ್ಪಡಿಸಲು ವಿದ್ಯುತ್ತು ಬೇಕು. ಸಾಗಿಸಲು ಲಾರಿ ಬೇಕು. ಯಾವ ಇಂಧನದ ಬೆಲೆಗೆ ಅಂಜಿ ವಿಮಾನವನ್ನು ಬಿಟ್ಟರೋ ಅದೇ ಬೆಲೆಯು ಶೈತ್ಯಾಗಾರದ ಬಾಗಿಲಲ್ಲಿ ನಿಂತಿರುತ್ತದೆ.

ಹಣ ಬತ್ತಿದರೆ ಏನಾಗುವುದೆಂಬುದಕ್ಕೆ ನಿದರ್ಶನವೂ ಇದೆ. ಕ್ಯಾಲಿಫೋರ್ನಿಯದ ಚಾಟ್ಸ್‌ವರ್ತ್ ಸ್ಮಶಾನದ ನೆಲಮಾಳಿಗೆಯಲ್ಲಿ ಹೀಗೆ ಇರಿಸಿದ್ದ ಒಂಬತ್ತು ದೇಹಗಳು ಕರಗಿ ಕೊಳೆತುಹೋದ ಸಂಗತಿ 1979ರಲ್ಲಿ ಬಯಲಾಯಿತು. ಅನಂತರದ ಸಂಸ್ಥೆಗಳು ಹಣವನ್ನು ಮುಂಗಡವಾಗಿಯೇ ಪಡೆದು, ನಿಧಿಯಲ್ಲಿ ತೊಡಗಿಸುತ್ತವೆ. ಮಿಶಿಗನ್ನಿನಲ್ಲಿ 28,000 ಡಾಲರ್, ಪ್ರಯಾಣವೆಚ್ಚ ಬೇರೆ. ಅರಿಜೋನದಲ್ಲಿ ಪೂರ್ಣದೇಹಕ್ಕೆ ಎರಡು ಲಕ್ಷ ಡಾಲರಿಗೂ ಅಧಿಕ. ಬಹುಮಂದಿ ಜೀವವಿಮೆಯ ಮೂಲಕ ತೆರುತ್ತಾರೆ.

ಶಾಶ್ವತ ನಿಧಿ ಎಂದರೇನೆಂಬುದನ್ನು ಬಸದಿಗಳ ಟ್ರಸ್ಟಿಗಳಿಗೆ ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೊಂದು ದಿನದ ಪೂಜೆಗೆಂದು ಅಜ್ಜಂದಿರ ಕಾಲದಲ್ಲಿ ಜಮಾ ಆದ ನೂರು ರೂಪಾಯಿಯ ಬಡ್ಡಿಯು ಇಂದು ಹೂವಿನ ಖರ್ಚಿಗೂ ಸಾಲದು. ಕೊರತೆಯನ್ನು ಸಮಾಜವು ಭಕ್ತಿಯಿಂದ ತುಂಬುತ್ತದೆ. ಇನ್ನೂರು ವರ್ಷಗಳಾಚೆ ಅಪರಿಚಿತರ ಹೆಣಕ್ಕೆ ಸಾರಜನಕ ತುಂಬಲು ಯಾರ ಭಕ್ತಿ ಒದಗೀತು?

2016ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನ ಮುಂದೆ ಹದಿನಾಲ್ಕು ವರ್ಷದ ಬಾಲೆಯೊಬ್ಬಳ ಕೋರಿಕೆ ಬಂದಿತು. ಕ್ಯಾನ್ಸರಿನಿಂದ ಸಾಯುತ್ತಿದ್ದ ಆಕೆ ತನ್ನ ದೇಹವನ್ನು ಹೀಗೆ ಇರಿಸಬೇಕೆಂದು ಬಯಸಿದಳು. ತಾಯಿ ಒಪ್ಪಿದ್ದರು, ತಂದೆ ಆಕ್ಷೇಪಿಸಿದ್ದರು. ದೇಹದ ಬಗೆಗೆ ನಿರ್ಧರಿಸುವ ಅಧಿಕಾರವನ್ನು ನ್ಯಾಯಾಧೀಶರು ತಾಯಿಗೆ ಕೊಟ್ಟರು. ಪದ್ಧತಿಯ ಸತ್ಯಾಸತ್ಯವನ್ನು ತೀರ್ಮಾನಿಸಲಿಲ್ಲ. ದೇಹವು ಅಮೆರಿಕಕ್ಕೆ ಹೋಯಿತು. ಆ ಬಾಲೆಯ ಬದುಕುವಾಸೆಯನ್ನು ಹಳಿಯುವವರು ನಿರ್ದಯರೇ ಸರಿ. ಆಕ್ಷೇಪಣೆಯಿರುವುದು ಅಂಥ ಆಸೆಗೆ ದರಪಟ್ಟಿ ಹಿಡಿಯುವವರ ಮೇಲೆ.

ಆಯುಷ್ಯಕರ್ಮ ತೀರಿದೊಡನೆ ಜೀವವು ಈ ಔದಾರಿಕ ಶರೀರವನ್ನು ಬಿಟ್ಟು ನಡೆಯುತ್ತದೆಂದು ನಂಬಿದ ಶ್ರಾವಕರಿಗೆ ತತ್ತ್ವವಿಚಾರವು ಅಷ್ಟಕ್ಕೇ ಮುಗಿಯಿತು. ನಂಬದವರಿಗೂ ಲೆಕ್ಕವು ಉಳಿದೇ ಇದೆ. ವಿಮಾನ ಅಗ್ಗವಾಗಲೆಂದು ಹಾರೈಸುವ ಮುನ್ನ ಅವರು ಕರಾರುಪತ್ರವನ್ನು ತೆರೆದು, ನಿಧಿ ಸೋತ ದಿನ ಪಾತ್ರೆಯನ್ನು ಬರಿದುಮಾಡುವ ಆಜ್ಞೆಗೆ ಸಹಿ ಹಾಕುವವರು ಯಾರೆಂದು ಕೇಳಲಿ.